ಹಾಡಿನ ದಾರಿಯಲ್ಲಿ ಇಲ್ಲದ ವಾಲ್ವ್

(ಉಡುಪಿಯಲ್ಲಿ ಮಳೆಗಾಲದ ಒಂದು ಭಾನುವಾರ ಸಂಜೆ ಹೇಳಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಕೇಳಿದವರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂತ ನಾನು ಎಣಿಸಿರಲಿಲ್ಲ. ಹಿಂದೆ ನಿಂತವರು ಮುಂದೆ ಬನ್ನಿ, ಎದುರಿನ ಸಾಲಿನಲ್ಲಿ ಕುರ್ಚಿ ಉಂಟು. ಮೀಟರಿನ ಅಂಕೆ ನಿಮಗೆ ಕಾಣಬೇಕಲ್ವಾ.

ಈ ಮೇಜಿನ ಮೇಲೆ ಇರುವ ಆಂಪ್ಲಿಫೈಯರ್ ನಾನೇ ಕಟ್ಟಿದ್ದು. ಮೇಲೆ ನಾಲ್ಕು ವಾಲ್ವ್, ಅಂದರೆ ಹಳೆಯ ರೇಡಿಯೋದಲ್ಲಿ ಇರುವಂಥ ಗಾಜಿನ ಬುರುಡೆ, ಕಾಣುತ್ತದೆ. ಈ ಸಣ್ಣದು 12ಎಎಕ್ಸ್7. ಸಿಡಿ ಪ್ಲೇಯರಿನಿಂದ ಬರುವ ಸಿಗ್ನಲ್ ಮೊದಲು ಇದಕ್ಕೆ ಬರುತ್ತದೆ. ಪಕ್ಕದ ಎರಡು 6ವಿ6. ಎಡ ಸ್ಪೀಕರಿಗೆ ಒಂದು, ಬಲ ಸ್ಪೀಕರಿಗೆ ಒಂದು. ಹಾಡು ಈ ಮೂರರ ಒಳಗಿಂದ ಹೋಗುತ್ತದೆ. ಹಿಂದೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತ ಈ ದೊಡ್ಡ ವಾಲ್ವ್ ನೋಡಿ. ಹಾಡು ಇದರ ಹತ್ತಿರವೂ ಬರುವುದಿಲ್ಲ. ಇದು ರೆಕ್ಟಿಫೈಯರ್. ಆಚೆ ಈಚೆ ಓಡುವ ಎಸಿ ಕರೆಂಟನ್ನು ಒಂದೇ ಕಡೆ ಓಡುವ ಡಿಸಿ ಮಾಡುವುದು, ಅಷ್ಟೇ ಇದರ ಕೆಲಸ.

ಹಾಗಾದರೆ ಇದನ್ನು ಬದಲಿಸಿದರೆ ಹಾಡು ಯಾಕೆ ಬದಲಾಗಬೇಕು? ಬದಲಾಗುತ್ತದೆ ಅನ್ನುವವರು ಹಳೆಯ ಒಂದು ರೆಕ್ಟಿಫೈಯರ್ ವಾಲ್ವಿಗೆ ಸಾವಿರಗಟ್ಟಲೆ ಹಣ ಕೊಡುತ್ತಾರೆ. ಇಲ್ಲ ಅನ್ನುವವರು ಅದೇ ಕೆಲಸ ಮಾಡುವ, ಕೆಲವೇ ರೂಪಾಯಿಯ ಸಣ್ಣ ಸಿಲಿಕಾನ್ ಡಯೋಡ್ ಸಾಕು ಅನ್ನುತ್ತಾರೆ. ನಾನು ಮೂವತ್ತು ವರ್ಷದಿಂದ ಇವುಗಳ ರಿಪೇರಿ ಮಾಡುತ್ತಿದ್ದೇನೆ. ಬದಲಾಗುವುದು ನಿಜ. ಆದರೆ ಹಣ ಕೊಡುವವರು ನಂಬಿದ ಕಾರಣ ಬೇರೆ, ಆಗುವುದು ಬೇರೆ. ಅದನ್ನು ತೋರಿಸಲಿಕ್ಕೆ ಇವತ್ತು ಮೀಟರ್ ತಂದದ್ದು.

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಬಾವಿ ಉಂಟು, ಬಾವಿಗೆ ಪಂಪು ಉಂಟು. ಪೈಪಿನ ತುದಿಯಲ್ಲಿ, ನೀರಿನ ಒಳಗೆ, ಒಂದು ಫುಟ್ ವಾಲ್ವ್ ಇರುತ್ತದೆ. ನೀರು ಮೇಲೆ ಹೋಗುವಾಗ ಅದರ ಬಾಯಿ ತೆರೆಯುತ್ತದೆ. ವಾಪಸ್ ಇಳಿಯಲು ನೋಡಿದರೆ ಮುಚ್ಚುತ್ತದೆ. ರೆಕ್ಟಿಫೈಯರ್ ಅಂದರೆ ಕರೆಂಟಿನ ಫುಟ್ ವಾಲ್ವ್. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಆಚೆ ಈಚೆ ಓಡುತ್ತದೆ. ಈ ವಾಲ್ವ್ ಅದನ್ನು ಒಂದೇ ಕಡೆಗೆ ಬಿಡುತ್ತದೆ.

ವಾಲ್ವ್ ಅನ್ನುವ ಹೆಸರು ಬಂದದ್ದೂ ಹೀಗೆಯೇ. ಬಿಸಿಯಾದ ಫಿಲಮೆಂಟಿನಿಂದ, ಅಂದರೆ ಬಲ್ಬಿನೊಳಗಿನ ತೆಳು ತಂತಿಯಿಂದ, ಪಕ್ಕದ ಲೋಹದ ತಗಡಿಗೆ ಗಾಳಿಯಿಲ್ಲದ ಬುರುಡೆಯೊಳಗೆ ಕರೆಂಟು ದಾಟುತ್ತದೆ ಎಂದು ಎಡಿಸನ್ 1880ರ ದಶಕದಲ್ಲೇ ಗಮನಿಸಿದ್ದ. ಅದನ್ನು ಕೆಲಸಕ್ಕೆ ಹಚ್ಚಿದ್ದು ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್, 1904ರಲ್ಲಿ. ಒಂದೇ ಕಡೆ ಬಿಡುವ ಸಾಧನ ಆದ್ದರಿಂದ ಅವನು ಅದಕ್ಕೆ ವಾಲ್ವ್ ಅಂದ. ಅಮೆರಿಕದವರು ಟ್ಯೂಬ್ ಅನ್ನುತ್ತಾರೆ. ನಮ್ಮ ರೇಡಿಯೋ ಅಂಗಡಿಗಳಲ್ಲಿ ಇಂಗ್ಲೆಂಡಿನ ಮಾತೇ ಉಳಿಯಿತು. ಸಿಗ್ನಲನ್ನು ದೊಡ್ಡದು ಮಾಡಲಿಕ್ಕೆ ದಾರಿ ತೆರೆದ ಮೂರನೇ ತಂತಿಯನ್ನು ಲೀ ಡಿ ಫಾರೆಸ್ಟ್ ಸೇರಿಸಿದ್ದು ಅದರ ನಂತರ, 1906ರಲ್ಲಿ. ಅಂದರೆ ಹಾಡುವ ವಾಲ್ವುಗಳಿಗೆಲ್ಲ ಈ ರೆಕ್ಟಿಫೈಯರ್ ಹಿರಿಯಣ್ಣ. ಶುರುವಿನ ರೇಡಿಯೋಗಳು ಬ್ಯಾಟರಿಯಲ್ಲೇ ಓಡುತ್ತಿದ್ದವು. ಅಮೆರಿಕದಲ್ಲಿ 1927ರಲ್ಲಿ 280 ಎಂಬ ರೆಕ್ಟಿಫೈಯರ್ ವಾಲ್ವ್ ಬಂತು. ರೇಡಿಯೋವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು ಇಂಥವುಗಳಿಂದ ಸುಲಭವಾಯಿತು.

ಒಳಗೆ ಇರುವುದು ಬಹಳ ಸರಳ. ನಡುವೆ ಬಿಸಿಯಾಗುವ ಭಾಗ, ಸುತ್ತ ತಗಡಿನ ಪ್ಲೇಟ್. ಕಾದದ್ದರಿಂದ ಎಲೆಕ್ಟ್ರಾನು ಹೊರಗೆ ಬರುತ್ತದೆ. ಪ್ಲೇಟಿಗೆ ಪಾಸಿಟಿವ್ ಇದ್ದಾಗ ಅತ್ತ ಹೋಗುತ್ತದೆ. ನೆಗೆಟಿವ್ ಆದಾಗ ಹೋಗುವುದಿಲ್ಲ. ಪ್ಲೇಟು ಎಲೆಕ್ಟ್ರಾನು ಬಿಡುವಷ್ಟು ಕಾಯದ ಕಾರಣ ಅಲ್ಲಿಂದ ವಾಪಸ್ ಬರುವುದೂ ಇಲ್ಲ. ನಮ್ಮ ವಾಲ್ವಿನಲ್ಲಿ ಎರಡು ಪ್ಲೇಟು ಉಂಟು. ಟ್ರಾನ್ಸ್‌ಫಾರ್ಮರಿನ ಎರಡು ತುದಿಗೆ ಒಂದೊಂದು. ಒಂದು ಬಿಡುವಾಗ ಇನ್ನೊಂದು ಸುಮ್ನೆ ಇರುತ್ತದೆ. ಹಾಗಾಗಿ ಸೆಕೆಂಡಿಗೆ 100 ನೂಕು.

ನೂಕಿನಲ್ಲಿ ಬರುವ ನೀರನ್ನು ಹಾಗೇ ನಲ್ಲಿಗೆ ಬಿಟ್ಟರೆ ನಲ್ಲಿ ಉಗುಳುತ್ತದೆ. ಅದಕ್ಕೆ ನಾವು ಮಹಡಿ ಮೇಲೆ ಟ್ಯಾಂಕು ಇಡುತ್ತೇವೆ. ಇಲ್ಲಿ ಆ ಟ್ಯಾಂಕು ಈ ಕಂಡೆನ್ಸರ್. ಟ್ಯಾಂಕಿನ ನೀರು ನಲ್ಲಿಗೆ ಒಂದೇ ಸಮನೆ ಬರುತ್ತದೆ.

ಈಗ ಮುಖ್ಯ ಮಾತು. ಸ್ಪೀಕರನ್ನು ಅಲುಗಾಡಿಸುವ ಶಕ್ತಿ ಸಿಡಿಯಿಂದ ಬರುವುದಿಲ್ಲ, ಗೋಡೆಯ ಪ್ಲಗ್ಗಿನಿಂದ ಬರುತ್ತದೆ. 6ವಿ6 ಅಂದರೆ ನಲ್ಲಿ. ಹಾಡು ಅಂದರೆ ಆ ನಲ್ಲಿ ತಿರುಗಿಸುವ ಕೈ. ಬರುವ ನೀರು ಮಾತ್ರ ಟ್ಯಾಂಕಿನದ್ದು. ಕೈ ಎಷ್ಟು ಚಂದ ತಿರುಗಿಸಿದರೂ ಟ್ಯಾಂಕಿನಲ್ಲಿ ನೀರಿನ ಮಟ್ಟ ಇಳಿದರೆ ಧಾರೆ ಸಣ್ಣದಾಗುತ್ತದೆ. ಬಾವಿಯಿಂದ ಟ್ಯಾಂಕಿಗೆ ಹೋಗುವ ಪೈಪು ಕಿರಿದಾಗಿದ್ದರೆ ಟ್ಯಾಂಕು ತುಂಬುವುದೂ ನಿಧಾನ, ಮಟ್ಟ ನಿಲ್ಲುವುದೂ ಕೆಳಗೆ. ಒಂದು ರೆಕ್ಟಿಫೈಯರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಈ ಪೈಪಿನ ಅಗಲದ್ದು.

ಮೀಟರ್ ನೋಡಿ. ಈ ಟ್ರಾನ್ಸ್‌ಫಾರ್ಮರ್ 275-0-275 ವೋಲ್ಟಿನದ್ದು, ಅಂದರೆ ನಡುವಿನಿಂದ ಎರಡು ತುದಿಗೂ 275. ಇಡೀ ಆಂಪ್ಲಿ ಎಳೆಯುವ ಕರೆಂಟು 95 ಮಿಲಿಆಂಪಿನ ಹತ್ತಿರ. ಮೊದಲು ಜಿಜೆಡ್34 ಎಂಬ ರೆಕ್ಟಿಫೈಯರ್ ಹಾಕಿದ್ದೇನೆ. ಎಚ್‌ಟಿ, ಅಂದರೆ ನಮ್ಮ ಟ್ಯಾಂಕಿನ ಡಿಸಿ ವೋಲ್ಟೇಜು, 336 ವೋಲ್ಟ್. ಇನ್ನು ಆಫ್ ಮಾಡಿ, ಕಂಡೆನ್ಸರ್ ಖಾಲಿಯಾಗಲು ಬಿಟ್ಟು, ವಾಲ್ವ್ ತಣಿದ ಮೇಲೆ ಬದಲಿಸುತ್ತೇನೆ.

ಅದು ತಣಿಯುವ ತನಕ ಹೆಸರಿನ ಲೆಕ್ಕ ಹೇಳುತ್ತೇನೆ. ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಹೀಟರಿನದ್ದು, ಅಂದರೆ ವಾಲ್ವನ್ನು ಬಿಸಿ ಮಾಡುವ ತಂತಿಯದ್ದು. ಜಿ ಅಂದರೆ 5 ವೋಲ್ಟ್, ಇ ಅಂದರೆ 6.3 ವೋಲ್ಟ್. ಜೆಡ್ ಅಂದರೆ ಎರಡು ಪ್ಲೇಟಿನ ರೆಕ್ಟಿಫೈಯರ್, ವೈ ಅಂದರೆ ಒಂದೇ ಪ್ಲೇಟಿನದ್ದು. ಜಿಜೆಡ್34 ಅಂದ ಕೂಡಲೇ 5 ವೋಲ್ಟ್ ಹೀಟರಿನ, ಎರಡು ಪ್ಲೇಟಿನ ರೆಕ್ಟಿಫೈಯರ್ ಅಂತ ಗೊತ್ತಾಗುತ್ತದೆ. ಅಮೆರಿಕದ ಹೆಸರಲ್ಲಿ ಮೊದಲ ಅಂಕೆಯೇ ಹೀಟರ್ ವೋಲ್ಟು. ಇದೇ ವಾಲ್ವಿಗೆ ಅಲ್ಲಿ 5ಎಆರ್4 ಅನ್ನುತ್ತಾರೆ. ಹಳೆಯ ವಾಲ್ವಿನ ಡಬ್ಬಿ ಸಿಕ್ಕಿದರೆ ಮಕ್ಕಳನ್ನು ಕೂರಿಸಿ ಈ ಹೆಸರು ಓದಿಸಿ. ಒಳ್ಳೆಯ ಆಟ.

ಈಗ 5ಯು4ಜಿಬಿ, ಅಂದರೆ 5ಯು4ರ ಒಂದು ಮಾದರಿ. ನೋಡಿ, 315 ವೋಲ್ಟ್. ಮೂರನೆಯದು 5ವೈ3. 292. ಟ್ರಾನ್ಸ್‌ಫಾರ್ಮರ್ ಅದೇ, ಆಂಪ್ಲಿ ಅದೇ, ಪ್ಲಗ್ಗು ಅದೇ. ಒಂದು ವಾಲ್ವ್ ಬದಲಿಸಿದ್ದಕ್ಕೆ 44 ವೋಲ್ಟು ಕಡಿಮೆ. ತಯಾರಕರ ಕೈಪಿಡಿಯಲ್ಲೂ ಹೀಗೇ ಉಂಟು. ಜಿಜೆಡ್34 ತನ್ನೊಳಗೆ 225 ಮಿಲಿಆಂಪ್ ಬಿಡುವಾಗ ಕಳೆದುಕೊಳ್ಳುವುದು ಸುಮಾರು 17 ವೋಲ್ಟ್ ಮಾತ್ರ. 5ಯು4 ಅಷ್ಟೇ ಕರೆಂಟಿಗೆ ಸುಮಾರು 44 ವೋಲ್ಟ್ ನುಂಗುತ್ತದೆ. 5ವೈ3 ಅದರ ಅರ್ಧದಷ್ಟು ಕರೆಂಟಿಗೇ ಇನ್ನೂ ಜಾಸ್ತಿ ನುಂಗುತ್ತದೆ.

336ಕ್ಕೂ 292ಕ್ಕೂ ಇರುವ ವ್ಯತ್ಯಾಸ ಕಿವಿಗೆ ಎಷ್ಟು? ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ ಆಂಪ್ಲಿ ಕೊಡಬಲ್ಲ ಗರಿಷ್ಠ ಪವರಿನಲ್ಲಿ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ. ಡೆಸಿಬೆಲ್ಲಿನಲ್ಲಿ 1.2. ಸಣ್ಣ ಸ್ವರದಲ್ಲಿ ಕೇಳುವಾಗ ಇದು ಗೊತ್ತಾಗುವುದು ಕಷ್ಟ. ದೊಡ್ಡದಾಗಿ ಇಟ್ಟು ಯಕ್ಷಗಾನದ ಚೆಂಡೆ ಕೇಳಿದರೆ ಪೆಟ್ಟಿನ ತುದಿ 5ವೈ3ರಲ್ಲಿ ಬೇಗ ಮೊಂಡಾಗುತ್ತದೆ, ಜಿಜೆಡ್34ರಲ್ಲಿ ಸ್ವಲ್ಪ ತಡೆಯುತ್ತದೆ. ಅದಲ್ಲದೆ 6ವಿ6 ಕೆಲಸ ಮಾಡುವ ವೋಲ್ಟೇಜೇ ಬದಲಾದ ಕಾರಣ ಅದರ ಗುಣವೂ ಒಂದಿಷ್ಟು ಬದಲಾಗುತ್ತದೆ.

ಇಲ್ಲೇ ನನಗೆ ಒಂದು ಸಂಶಯ ಬಂದದ್ದು. ಕೆಲವು ವರ್ಷದ ಹಿಂದೆ ನಾನೂ ಇಬ್ಬರು ಗೆಳೆಯರೂ 5ವೈ3ರಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಮೆತ್ತಗೆ, ಬೆಚ್ಚಗೆ ಕೇಳುತ್ತದೆ, ಜಿಜೆಡ್34ರಲ್ಲಿ ಬಿಗಿಯಾಗಿ ಕೇಳುತ್ತದೆ ಅಂತ ಒಪ್ಪಿಕೊಂಡಿದ್ದೆವು. ಆಮೇಲೆ ನಾನು ಜಿಜೆಡ್34ರ ಎರಡು ಪ್ಲೇಟಿಗೂ ಸೀರಿಸಿನಲ್ಲಿ, ಅಂದರೆ ಅದೇ ದಾರಿಯಲ್ಲಿ, ಕರೆಂಟಿಗೆ ತಡೆ ಒಡ್ಡುವ ಒಂದೊಂದು ರೆಸಿಸ್ಟರ್ ಹಾಕಿದೆ. ಎಚ್‌ಟಿ 5ವೈ3ರಷ್ಟೇ ಬರುವ ತನಕ ರೆಸಿಸ್ಟರಿನ ಬೆಲೆ ಬದಲಿಸುತ್ತ ಹೋದೆ. ಯಾವ ವಾಲ್ವ್ ಹಾಕಿದ್ದೇನೆ ಅಂತ ಹೇಳದೆ, ಮೇಲೆ ಬಟ್ಟೆ ಮುಚ್ಚಿ, ಅವರಿಗೆ ಮತ್ತೆ ಕೇಳಿಸಿದೆ. ನಾಲ್ಕೈದು ಸಂಜೆ ಇದನ್ನೇ ಮಾಡಿದೆವು. ಮೊದಲು ಕೇಳುತ್ತಿದ್ದ ವ್ಯತ್ಯಾಸವನ್ನು ಯಾರಿಗೂ ಖಚಿತವಾಗಿ ಹಿಡಿಯಲಿಕ್ಕೆ ಆಗಲಿಲ್ಲ. ನನ್ನ ಸರದಿ ಬಂದಾಗ ನನಗೂ ಆಗಲಿಲ್ಲ.

ಆವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಯಿತು. ರೆಕ್ಟಿಫೈಯರಿನ ಸ್ವರ ಅಂತ ನಾವು ಕರೆಯುವುದರ ದೊಡ್ಡ ಪಾಲು ವೋಲ್ಟೇಜ್ ಮತ್ತು ರೆಸಿಸ್ಟೆನ್ಸ್. ಅವೆರಡೂ ಮೀಟರಿಗೆ ಸಿಗುತ್ತವೆ. ಅವನ್ನು ಅಳೆಯದೆ ಗಾಜಿನ ಮೇಲೆ ಬರೆದ ಹೆಸರಿಗೆ ಹಣ ಕೊಡಬೇಡಿ.

ಮಣಿಪಾಲದಿಂದ ಬಂದ ಒಬ್ಬ ವಿದ್ಯಾರ್ಥಿ ಕೇಳಿದರು: "ಸರ್, ಹಾಗಾದರೆ ಸಿಲಿಕಾನ್ ಡಯೋಡ್ ಹಾಕಿ, ಜೊತೆಗೆ ಒಂದು ರೆಸಿಸ್ಟರ್ ಹಾಕಿದರೆ ಮುಗಿಯಿತಲ್ಲ? ವಾಲ್ವೇ ಯಾಕೆ ಬೇಕು?"

ಒಳ್ಳೆಯ ಪ್ರಶ್ನೆ. ತೊಂಬತ್ತು ಪಾಲು ಮುಗಿಯಿತು. ಮ್ಯಾಕಿಂಟಾಷ್ ಕಂಪನಿಯ ಎಂಸಿ275 ಅನ್ನುವ ಆಂಪ್ಲಿ 1961ರಲ್ಲಿ ಬಂತು. ವಾಲ್ವ್ ಆಂಪ್ಲಿಗಳಲ್ಲಿ ಇವತ್ತಿಗೂ ಜನ ಕೈಮುಗಿಯುವ ಹೆಸರು ಅದು. ಅದರಲ್ಲಿ ರೆಕ್ಟಿಫೈಯರ್ ವಾಲ್ವ್ ಇಲ್ಲ, ಇರುವುದು ಸಿಲಿಕಾನ್. ಅದಕ್ಕಿಂತ ಎರಡು ವರ್ಷ ಮೊದಲು, 1959ರಲ್ಲಿ ಬಂದ ಡೈನಾಕೋ ಎಸ್‌ಟಿ-70ರಲ್ಲಿ ಜಿಜೆಡ್34 ಉಂಟು. ಎರಡನ್ನೂ ಜನ ಪ್ರೀತಿಯಿಂದ ಕೇಳಿದ್ದಾರೆ.

ಉಳಿದ ಹತ್ತು ಪಾಲು ಎಲ್ಲಿ ಅಂತ ಹೇಳುತ್ತೇನೆ. ಪಂಪು ಆಫ್ ಮಾಡಿದ ಕೂಡಲೇ ಬಾವಿಯ ಪೈಪು ಒಮ್ಮೆ 'ಟಪ್' ಅಂತ ಸದ್ದು ಮಾಡಿ ನಡುಗುವುದನ್ನು ನೀವು ಕೇಳಿರಬಹುದು. ಮೇಲೆ ಹೋಗುತ್ತಿದ್ದ ನೀರು ಒಂದು ಕ್ಷಣ ಹಿಂದೆ ಬರುತ್ತದೆ. ಆಗ ಫುಟ್ ವಾಲ್ವಿನ ಬಾಯಿ ಧಡಕ್ಕನೆ ಮುಚ್ಚುತ್ತದೆ. ಸಾಮಾನ್ಯ ಸಿಲಿಕಾನ್ ಡಯೋಡಿನಲ್ಲಿ ಆಗುವುದೂ ಅದೇ. ಕರೆಂಟು ತಿರುಗುವ ಹೊತ್ತಿಗೆ ಅದು ತಕ್ಷಣ ಮುಚ್ಚುವುದಿಲ್ಲ. ಒಳಗೆ ತುಂಬಿದ ಚಾರ್ಜ್ ಖಾಲಿಯಾಗುವ ತನಕ ಕರೆಂಟನ್ನು ಹಿಂದಕ್ಕೂ ಬಿಡುತ್ತದೆ. ಆಮೇಲೆ ಒಮ್ಮೆಲೇ ಮುಚ್ಚುತ್ತದೆ. ಆ ಪೆಟ್ಟಿಗೆ ಟ್ರಾನ್ಸ್‌ಫಾರ್ಮರಿನ ಸುರುಳಿ ಪೈಪಿನ ಹಾಗೆ ನಡುಗುತ್ತದೆ. ಸೆಕೆಂಡಿಗೆ 100 ಸಲ ಇದು ನಡೆಯುತ್ತದೆ. ವೈರಿಂಗ್ ಸರಿ ಇಲ್ಲದಿದ್ದರೆ ಈ ನಡುಕ 12ಎಎಕ್ಸ್7ರ ತನಕ ಹೋಗುತ್ತದೆ. ಗುಂಯ್ ಅನ್ನುವ ಹಮ್ಮಿನ ಮೇಲೆ ಚಿರಿಚಿರಿ ಸದ್ದು ಸೇರಿದ ಹಾಗೆ ಕೇಳುತ್ತದೆ.

ವಾಲ್ವಿನಲ್ಲಿ ಇರುವುದು ಬರೀ ಖಾಲಿ ಜಾಗ. ಅಲ್ಲಿ ತುಂಬಿಕೊಳ್ಳುವ ಚಾರ್ಜ್ ಇಲ್ಲ, ಹಿಂದೆ ಬರುವುದು ಇಲ್ಲ, ಧಡಕ್ಕನೆ ಮುಚ್ಚುವುದೂ ಇಲ್ಲ. ನಾನು ಇದನ್ನು ವಾಲ್ವಿನ ನಿಜವಾದ ಗುಣ ಅಂತ ಒಪ್ಪುತ್ತೇನೆ. ಸಿಲಿಕಾನಿಗೂ ಮದ್ದು ಉಂಟು. ಬೇಗ ಮುಚ್ಚುವ ಯುಎಫ್4007ರಂಥ ಡಯೋಡ್ ಹಾಕಬಹುದು. ಟ್ರಾನ್ಸ್‌ಫಾರ್ಮರಿನ ತುದಿಗಳಿಗೆ ಅಡ್ಡಲಾಗಿ ಸಣ್ಣ ಕಂಡೆನ್ಸರ್ ಮತ್ತು ರೆಸಿಸ್ಟರ್ ಹಾಕಿ ಆ ನಡುಕವನ್ನು ತಣಿಸಬಹುದು. ಸರಿಯಾಗಿ ಮಾಡಿದ ಸಿಲಿಕಾನ್ ಸಪ್ಲೈ ತುಂಬಾ ಶಾಂತವಾಗಿರುತ್ತದೆ.

ಎಲ್ಲ ಗಾಜಿನ ರೆಕ್ಟಿಫೈಯರೂ ಶಾಂತ ಅಂತ ತಿಳಿಯಬೇಡಿ. 83 ಅಂತ ಒಂದು ವಾಲ್ವ್ ಉಂಟು, ಒಳಗೆ ಪಾದರಸದ ಆವಿ. ಕೆಲಸ ಮಾಡುವಾಗ ನೀಲಿಯಾಗಿ ಹೊಳೆಯುತ್ತದೆ, ನೋಡಲಿಕ್ಕೆ ಬಹಳ ಚಂದ. ಕರೆಂಟು ಎಷ್ಟೇ ಇರಲಿ, ಅದು ಕಳೆಯುವುದು 15 ವೋಲ್ಟಿನ ಹತ್ತಿರ ಮಾತ್ರ. ಆದರೆ ಆವಿ ಹೊತ್ತಿಕೊಳ್ಳುವ ಪ್ರತಿ ಸಲವೂ ಅದೇ ಚಿರಿಚಿರಿ ಗದ್ದಲ ಎಬ್ಬಿಸುತ್ತದೆ. ಒಡೆದರೆ ಮನೆಯೊಳಗೆ ಪಾದರಸ. ನಾನು ಮನೆಯ ಆಂಪ್ಲಿಗೆ ಅದನ್ನು ಹಾಕುವುದಿಲ್ಲ.

ಮುಂದಿನ ಸಾಲಿನಲ್ಲಿ ಕೂತ ಒಬ್ಬರು ಹಿರಿಯರು ಕೇಳಿದರು: "ಮಾರಾಯ್ರೆ, ಗಿಟಾರಿನವರು ಮಾತ್ರ ವೋಲ್ಟೇಜು ಬೀಳುವುದೇ ಒಳ್ಳೆಯದು ಅನ್ನುತ್ತಾರಲ್ಲ, ಅದೆಂಥದು?"

ಅವರು ಹೇಳುವುದೂ ಸರಿ. ಪುಶ್-ಪುಲ್ ಆಂಪ್ಲಿಯಲ್ಲಿ, ಅಂದರೆ ಎರಡು ವಾಲ್ವ್ ಸರದಿಯಲ್ಲಿ ಒಂದು ನೂಕಿ ಒಂದು ಎಳೆಯುವಂಥದ್ದರಲ್ಲಿ, ಅದರಲ್ಲೂ ಸುಮ್ನೆ ಇದ್ದಾಗ ಕಡಿಮೆ ಕರೆಂಟು ಎಳೆಯುವ ಎಬಿ ಕ್ಲಾಸಿನಲ್ಲಿ, ಸ್ವರ ದೊಡ್ಡದಾದಾಗ ಕರೆಂಟು ಜೋರಾಗಿ ಏರುತ್ತದೆ. ಪೈಪು ಕಿರಿದಾದ ರೆಕ್ಟಿಫೈಯರ್ ಇದ್ದರೆ ಎಚ್‌ಟಿ ಕುಸಿಯುತ್ತದೆ, ಸ್ವರ ನಿಂತ ಮೇಲೆ ನಿಧಾನಕ್ಕೆ ಏಳುತ್ತದೆ. ತಂತಿ ಮೀಟಿದಾಗ ಪೆಟ್ಟು ಸ್ವಲ್ಪ ಒತ್ತಿ ಹೋಗಿ, ನಂತರದ ಸ್ವರ ಅರಳಿದ ಹಾಗೆ ಕೇಳುತ್ತದೆ. ಗಿಟಾರಿಗೆ ಆಂಪ್ಲಿಯೂ ವಾದ್ಯದ ಒಂದು ಭಾಗ. ಅವರಿಗೆ ಅದು ಬೇಕು. ನಮಗೆ ಬೇಕಾದದ್ದು ಬೇರೆ. ಭಾಗವತರ ಏರು ಸ್ವರದ ಮೇಲೆ ಚೆಂಡೆ ಬಿದ್ದಾಗ, ಚೆಂಡೆಯಿಂದಾಗಿ ಭಾಗವತರ ಸ್ವರ ಕುಗ್ಗಬಾರದು. ಎರಡಕ್ಕೂ ಒಂದೇ ಟ್ಯಾಂಕಿನ ನೀರು ಅಲ್ವಾ. ಅದಕ್ಕೇ ದೊಡ್ಡ ಪುಶ್-ಪುಲ್ ಆಂಪ್ಲಿಗೆ ನಾನು ಜಿಜೆಡ್34 ಅಥವಾ ಸಿಲಿಕಾನ್ ಹಾಕುವುದು. ಇವತ್ತು ಇಲ್ಲಿ ಇರುವಂಥ, ಒಂದು ಸ್ಪೀಕರಿಗೆ ಒಂದೇ ವಾಲ್ವ್ ದುಡಿಯುವ ಸಿಂಗಲ್ ಎಂಡೆಡ್ ಆಂಪ್ಲಿಯ ಕರೆಂಟು ಹಾಡಿದರೂ ಸುಮ್ನೆ ಇದ್ದರೂ ಹೆಚ್ಚು ಕಡಿಮೆ ಒಂದೇ. ಇದಕ್ಕೆ ಯಾವುದಾದರೂ ನಡೆಯುತ್ತದೆ.

ಇನ್ನು ನಾನೇ ಹಾಳು ಮಾಡಿದ ಒಂದು ವಾಲ್ವಿನ ಕತೆ ಹೇಳಬೇಕು. ಶುರುವಿನ ದಿನಗಳಲ್ಲಿ ಒಬ್ಬರ ಇಎಲ್84 ವಾಲ್ವಿನ ಆಂಪ್ಲಿ ರಿಪೇರಿಗೆ ಬಂದಿತ್ತು. ರೆಕ್ಟಿಫೈಯರ್ ಇಜೆಡ್81. ಸ್ವಲ್ಪ ಹಮ್ ಇತ್ತು. ಟ್ಯಾಂಕು ದೊಡ್ಡದಾದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ. ಮೊದಲ ಕಂಡೆನ್ಸರ್ ತೆಗೆದು 220 ಮೈಕ್ರೋಫ್ಯಾರಡಿನದ್ದು ಹಾಕಿದೆ. ಮೈಕ್ರೋಫ್ಯಾರಡ್ ಅಂದರೆ ಈ ಟ್ಯಾಂಕಿನ ಅಳತೆ. ಹಮ್ ಹೋಯಿತು. ಅವರು ಖುಷಿಯಿಂದ ತೆಗೆದುಕೊಂಡು ಹೋದರು. ಎರಡೇ ವಾರದಲ್ಲಿ ವಾಪಸ್ ತಂದರು. ಸ್ವಿಚ್ ಹಾಕಿದ ಕೂಡಲೇ ವಾಲ್ವಿನೊಳಗೆ ಮಿಂಚು ಹೊಡೆದು ಫ್ಯೂಸ್ ಹೋಯಿತಂತೆ. ಕೈಪಿಡಿ ತೆಗೆದು ನೋಡಿದೆ. ಇಜೆಡ್81ರ ಮುಂದೆ 50 ಮೈಕ್ರೋಫ್ಯಾರಡಿಗಿಂತ ಜಾಸ್ತಿ ಹಾಕಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಓದಿರಲಿಲ್ಲ. ಆ ವಾಲ್ವ್ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, ಮಾಡಿದ್ದು, ನಮ್ಮ ಬೆಂಗಳೂರಿನ ಕಾರ್ಖಾನೆಯದ್ದು. ಅದನ್ನು ಕಳೆದದ್ದಕ್ಕೆ ಇವತ್ತಿಗೂ ಬೇಜಾರುಂಟು.

ಯಾಕೆ ಹೀಗಾಗುತ್ತದೆ? ಕಂಡೆನ್ಸರಿಗೆ ಕರೆಂಟು ಹೋಗುವುದು ಪ್ರತಿ ನೂಕಿನ ತುದಿಯಲ್ಲಿ ಮಾತ್ರ. ಟ್ಯಾಂಕು ದೊಡ್ಡದಾದಷ್ಟೂ ಮಟ್ಟ ಇಳಿಯುವುದು ಕಡಿಮೆ, ಹಾಗಾಗಿ ತುಂಬಿಸುವ ಹೊತ್ತೂ ಕಡಿಮೆ. ಅಷ್ಟೂ ಕರೆಂಟು ಆ ಚಿಕ್ಕ ಹೊತ್ತಿನಲ್ಲೇ ನುಗ್ಗಬೇಕು. ಸರಾಸರಿ 100 ಮಿಲಿಆಂಪ್ ಇದ್ದರೂ ಆ ತುದಿಯಲ್ಲಿ ಅದರ ಹಲವು ಪಾಲು ಓಡುತ್ತದೆ. ಬಿಸಿ ಇರುವಾಗಲೇ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಇನ್ನೂ ಕಷ್ಟ. ಕಾದು ನಿಂತ ವಾಲ್ವ್, ಖಾಲಿಯಾದ ಟ್ಯಾಂಕು. ಎಲೆಕ್ಟ್ರಾನು ಬಿಡುವ ಒಳಗಿನ ಲೇಪ ಆ ಹೊರೆ ತಡೆಯುವುದಿಲ್ಲ, ಕಿತ್ತು ಕಿಡಿ ಹಾರುತ್ತದೆ. ಜಿಜೆಡ್34ಕ್ಕೆ ಮಿತಿ 60. 5ಯು4ಜಿಬಿಗೆ ನಾನು 40 ದಾಟುವುದಿಲ್ಲ. ಹಮ್ ಕಡಿಮೆ ಮಾಡಬೇಕಾದರೆ ಮೊದಲ ಕಂಡೆನ್ಸರ್ ದೊಡ್ಡದು ಮಾಡಬೇಡಿ. ಅದರ ನಂತರ ಒಂದು ಚೋಕ್, ಅಂದರೆ ಕಬ್ಬಿಣದ ಮೇಲೆ ಸುತ್ತಿದ ತಂತಿಯ ಸುರುಳಿ, ಹಾಕಿ, ಚೋಕಿನ ಆಚೆ ಎಷ್ಟು ದೊಡ್ಡ ಕಂಡೆನ್ಸರ್ ಬೇಕಾದರೂ ಇಡಿ. ಹೈ ಎಂಡ್ ಆಂಪ್ಲಿಗಳಲ್ಲಿ ಹಣ ಹೋಗಬೇಕಾದ ಜಾಗ ಅದು, ಒಳ್ಳೆಯ ಟ್ರಾನ್ಸ್‌ಫಾರ್ಮರ್ ಮತ್ತು ಒಳ್ಳೆಯ ಚೋಕ್. ಕೇಳುವಾಗ ಗೊತ್ತಾಗುತ್ತದೆ.

ಆವತ್ತಿನಿಂದ ಇನ್ನೊಂದು ಕೆಲಸ ಮಾಡುತ್ತೇನೆ. ರೆಕ್ಟಿಫೈಯರಿನ ಪ್ರತಿ ಪ್ಲೇಟಿಗೂ ಸೀರಿಸಿನಲ್ಲಿ ಒಂದು 1ಎನ್4007 ಡಯೋಡ್ ಹಾಕುತ್ತೇನೆ. ವಾಲ್ವ್ ಒಳಗೆ ಶಾರ್ಟ್ ಆದರೂ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಇವತ್ತು ಒಳ್ಳೆಯ ಟ್ರಾನ್ಸ್‌ಫಾರ್ಮರ್ ಸುತ್ತಿಸುವುದು ವಾಲ್ವ್ ಹುಡುಕುವುದಕ್ಕಿಂತ ಕಷ್ಟ. ಡಯೋಡ್ ಹಾಕಿದರೆ ಆ 'ಟಪ್' ಪೆಟ್ಟು ವಾಪಸ್ ಬರುವುದಿಲ್ವಾ ಅಂತ ಕೇಳಬಹುದು. ವಾಲ್ವ್ ಅದೇ ದಾರಿಯಲ್ಲಿ ನಿಂತು ಹಿಂದಿನ ಕರೆಂಟನ್ನು ತಡೆಯುತ್ತದೆ. ಹಾಗಾಗಿ ಆ ಚಿಂತೆ ಬೇಡ.

ಆನ್ ಮಾಡುವ ಹೊತ್ತಿನ ಬಗ್ಗೆ ಸ್ವಲ್ಪ. 5ಯು4, 5ವೈ3ರಲ್ಲಿ ಫಿಲಮೆಂಟೇ ನೇರವಾಗಿ ಎಲೆಕ್ಟ್ರಾನು ಬಿಡುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ತಯಾರು. 6ವಿ6 ಬಿಸಿಯಾಗಲಿಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಆ ನಡುವೆ ನಲ್ಲಿಗಳೆಲ್ಲ ಮುಚ್ಚಿರುತ್ತವೆ, ಟ್ಯಾಂಕು ಮಾತ್ರ ತುಂಬುತ್ತದೆ. ನೋಡಿ, ಈಗ 5ಯು4 ಹಾಕಿ ಸ್ವಿಚ್ ಹಾಕಿದೆ. 340… 365… 380ರ ಮೇಲೆ ಹೋಯಿತು. ಈಗ ಇಳಿಯುತ್ತಿದೆ. 315ರಲ್ಲಿ ನಿಂತಿತು. ನಿಮ್ಮ ಕಂಡೆನ್ಸರ್ 350 ವೋಲ್ಟಿನದ್ದಾಗಿದ್ದರೆ ಪ್ರತಿ ಸಲ ಆನ್ ಮಾಡುವಾಗಲೂ ಅದಕ್ಕೆ ಪೆಟ್ಟು. ಜಿಜೆಡ್34ರಲ್ಲಿ ಫಿಲಮೆಂಟಿನ ಸುತ್ತ ಒಂದು ಕೊಳವೆ ಉಂಟು, ಅದು ಬಿಸಿಯಾಗಬೇಕು. ಉಳಿದ ವಾಲ್ವುಗಳ ಜೊತೆಜೊತೆಗೆ ನಿಧಾನಕ್ಕೆ ಏರುತ್ತದೆ. ನನಗೆ ಜಿಜೆಡ್34 ಇಷ್ಟವಾಗಲು ಸ್ವರಕ್ಕಿಂತ ಮೊದಲ ಕಾರಣ ಇದು. ತಣ್ಣಗಿನ ವಾಲ್ವಿಗೆ ವೋಲ್ಟೇಜ್ ಕೊಟ್ಟರೆ ಅದರ ಕ್ಯಾಥೋಡಿನ, ಅಂದರೆ ಎಲೆಕ್ಟ್ರಾನು ಬಿಡುವ ಭಾಗದ, ಲೇಪ ಕಿತ್ತು ಹೋಗುತ್ತದೆ ಅಂತ ಹೆದರುವವರು ಇದ್ದಾರೆ. ಅದು ಸಾವಿರಾರು ವೋಲ್ಟಿನ ಟ್ರಾನ್ಸ್‌ಮಿಟರ್ ವಾಲ್ವುಗಳ ಚಿಂತೆ. ನಮ್ಮ 300 ವೋಲ್ಟಿನ ಆಂಪ್ಲಿಗೆ ಕಂಡೆನ್ಸರಿನ ಚಿಂತೆ ಸಾಕು.

ವಾಲ್ವ್ ಬದಲಿಸುವವರು ಇನ್ನೊಂದು ಅಂಕೆ ನೋಡಬೇಕು. ಜಿಜೆಡ್34ರ ಹೀಟರ್ 5 ವೋಲ್ಟಿನಲ್ಲಿ 1.9 ಆಂಪ್ ಎಳೆಯುತ್ತದೆ. 5ಯು4 ಎಳೆಯುವುದು 3 ಆಂಪ್, ಅಂದರೆ 15 ವಾಟ್ ಬರೀ ಬಿಸಿಯಾಗಲಿಕ್ಕೆ. ಎರಡೂ ಒಂದೇ ಬೇಸಿನಲ್ಲಿ ಕೂರುತ್ತವೆ. ಕೂರುತ್ತದೆ ಅಂತ ಹಾಕಿದರೆ, 2 ಆಂಪಿಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ದಿನಾ ಬೆಂದು ಒಂದು ದಿನ ಸುಡುತ್ತದೆ.

ನಮ್ಮ ಕರಾವಳಿಯವರು ನೆನಪಿಡಬೇಕಾದ ಮಾತು ಬೇಸಿನದ್ದು. ಎಂಟು ಪಿನ್ನಿನ ಬೇಸಿನಲ್ಲಿ 4 ಮತ್ತು 6ನೇ ಪಿನ್ನು ಪ್ಲೇಟಿನದ್ದು. ಅವೆರಡರ ನಡುವೆ ಒಮ್ಮೊಮ್ಮೆ 700 ವೋಲ್ಟಿಗಿಂತ ಜಾಸ್ತಿ ಇರುತ್ತದೆ. ಮಲ್ಪೆ, ಕಾಪು ಕಡೆಯ ಗಾಳಿಯಲ್ಲಿ ಉಪ್ಪು ಉಂಟು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಬೇಸಿನ ಮೇಲೆ ಧೂಳು, ಧೂಳಿನ ಮೇಲೆ ತೇವ. ಪಿನ್ನಿನಿಂದ ಪಿನ್ನಿಗೆ ಸಣ್ಣ ಕಿಡಿ ಹರಿದು ಕರಿ ಗೆರೆ ಮೂಡುತ್ತದೆ. ಆ ಗೆರೆ ಕಂಡರೆ ಒರೆಸಿ ಬಿಡಬೇಡಿ, ಬೇಸನ್ನೇ ಬದಲಿಸಿ. ಪಿಂಗಾಣಿ ಬೇಸ್ ಹಾಕಿದರೆ ಒಳ್ಳೆಯದು. ಮಳೆಗಾಲದಲ್ಲಿ ಆಂಪ್ಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಎರಡು ದಿನಕ್ಕೊಮ್ಮೆ ಒಂದು ಗಂಟೆ ಹಾಡಿಸಿ. ಅದರ ಬಿಸಿಗೇ ತೇವ ಆರುತ್ತದೆ. ಗುಡುಗು ಸಿಡಿಲು ಇದ್ದರೆ ಮಾತ್ರ ಪ್ಲಗ್ ತೆಗೆದಿಡಿ.

ಒಬ್ಬರು ಅಕ್ಕ ಕೇಳಿದರು: "ಹಳೆಯ ವಾಲ್ವ್ ತೆಗೆದುಕೊಳ್ಳುವುದಾದರೆ ಒಳ್ಳೆಯದಾ ಅಲ್ಲವಾ ಅಂತ ಹೇಗೆ ನೋಡುವುದು?"

ಅಕ್ಕಾ, ಮೊದಲು ಹೊಸದನ್ನು ನೋಡಿ. ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಇವತ್ತಿಗೂ ವಾಲ್ವ್ ಮಾಡುತ್ತಾರೆ. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯ ಹಳೆಯ ಜಿಜೆಡ್34 ಗಟ್ಟಿಮುಟ್ಟಾದ ವಾಲ್ವ್, ಸಂಶಯ ಇಲ್ಲ. ಆದರೆ ಗಾಜಿನ ಮೇಲಿನ ಅಕ್ಷರವನ್ನು ಒರೆಸಿ ಹೊಸತಾಗಿ ಅಚ್ಚು ಹಾಕುವವರು ಇದ್ದಾರೆ. ನಾನೂ ಒಮ್ಮೆ ಹಾಗೆ ಮೋಸ ಹೋದೆ. ಅಲುಗಾಡಿಸಿದರೆ ಒಳಗೆ ಏನೂ ಸದ್ದು ಮಾಡಬಾರದು. ತುದಿಯ ಬೆಳ್ಳಿ ಬಣ್ಣ ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕಿದೆ, ಮುಟ್ಟಬೇಡಿ. ಟೆಸ್ಟರಿನಲ್ಲಿ ಎರಡು ಪ್ಲೇಟೂ ಹೆಚ್ಚು ಕಡಿಮೆ ಒಂದೇ ತೋರಿಸಬೇಕು. ಒಂದು ಸೋತಿದ್ದರೆ ನೂಕು ಒಂದು ಜೋರು, ಒಂದು ಮೆಲ್ಲಗೆ ಆಗುತ್ತದೆ. ಹಮ್ ಜಾಸ್ತಿಯಾಗುತ್ತದೆ.

ವಾಲ್ವೇ ಯಾಕೆ ಅಂತ ಆ ಹುಡುಗ ಕೇಳಿದ್ದಕ್ಕೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಸಿಲಿಕಾನಿನಲ್ಲೂ ಅಷ್ಟೇ ಚಂದದ ಸಪ್ಲೈ ಮಾಡಬಹುದು ಅಂತ ಗೊತ್ತಿದ್ದೂ ನನ್ನ ಮನೆಯ ಆಂಪ್ಲಿಗೆ ಜಿಜೆಡ್34 ಹಾಕಿದ್ದೇನೆ. ಎಲ್ಲ ವಾಲ್ವುಗಳಿಗೂ ಬಿಸಿಯಾಗುವಷ್ಟು ಸಮಯ ಅದು ತಾನಾಗಿಯೇ ಕೊಡುತ್ತದೆ. ಗದ್ದಲ ಮಾಡುವುದಿಲ್ಲ. ಹಾಳಾದರೆ ಬೆಸುಗೆ ಬಿಚ್ಚದೆ ಕೈಯಲ್ಲೇ ಎಳೆದು ಬದಲಿಸಬಹುದು. ಸಂಜೆ ದೀಪ ಆರಿಸಿ ಕೂತಾಗ ಅದರ ಕೆಂಪು ಬೆಳಕು ನನಗೆ ಇಷ್ಟ. ಇಷ್ಟು ಕಾರಣ ನನಗೆ ಸಾಕು.

ಎಲ್ಲ ಮುಗಿದ ಮೇಲೆ ಒಬ್ಬ ಅಜ್ಜ ಹತ್ತಿರ ಬಂದರು. ಮನೆಯ ಅಟ್ಟದಲ್ಲಿ ಅವರ ತಂದೆಯ ಕಾಲದ ವಾಲ್ವ್ ರೇಡಿಯೋ ಉಂಟಂತೆ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ಇಡೀ ಮನೆ ಅದರ ಮುಂದೆ ಕೂತಿತ್ತಂತೆ. ನಾಳೆ ಪ್ಲಗ್ಗಿಗೆ ಹಾಕಿ ನೋಡುತ್ತೇನೆ ಅಂದರು. ಹಿಂದಿನಿಂದ ಕಾಣುವ ವಾಲ್ವಿನ ಹೆಸರು ಹೇಳಿ ಅಂದೆ. ಚೀಟಿಯಲ್ಲಿ ಬರೆದು ತಂದಿದ್ದರು. ಯುಸಿಎಚ್81, ಯುಸಿಎಲ್82, ಯುವೈ85.

ಇದನ್ನು ಇಲ್ಲಿ ಬರೆಯಲೇಬೇಕು. ಹೆಸರು ಯು ಅಕ್ಷರದಿಂದ ಶುರುವಾದರೆ ಹೀಟರುಗಳೆಲ್ಲ ಒಂದೇ ಸಾಲಿನಲ್ಲಿ, 100 ಮಿಲಿಆಂಪಿನಲ್ಲಿ ಬಿಸಿಯಾಗುತ್ತವೆ. ಅಂಥ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಮೈನ್ಸನ್ನು, ಅಂದರೆ ಗೋಡೆಯ ಕರೆಂಟನ್ನು, ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಯುವೈ85 ಗೋಡೆಯ ಕರೆಂಟನ್ನೇ ನೇರವಾಗಿ ಡಿಸಿ ಮಾಡುತ್ತದೆ. ಚಾಸಿ, ಅಂದರೆ ಒಳಗಿನ ಲೋಹದ ಚೌಕಟ್ಟು, ಮೈನ್ಸಿನ ಒಂದು ತಂತಿಗೇ ಸೇರಿರುತ್ತದೆ. ಎರಡು ಪಿನ್ನಿನ ಹಳೆಯ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚಾಸಿಗೆ 230 ವೋಲ್ಟ್ ಬರುತ್ತದೆ. ಬಿರಡೆಯ ಪ್ಲಾಸ್ಟಿಕ್ ಉದುರಿ ಲೋಹದ ಕಡ್ಡಿ ಮಾತ್ರ ಉಳಿದಿದ್ದರೆ ಅದನ್ನು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಕರೆಂಟು ಮಿತಿ ಮೀರದಂತೆ ದಾರಿಯಲ್ಲಿ ಒಂದು ಸೀರಿಸ್ ಬಲ್ಬ್ ಹಾಕಿ ನೋಡಿದರೂ ಈ ಅಪಾಯ ಹೋಗುವುದಿಲ್ಲ. ಮೇಲಾಗಿ ಎಷ್ಟೋ ವರ್ಷ ಸುಮ್ನೆ ಕೂತ ಕಂಡೆನ್ಸರುಗಳು ಒಮ್ಮೆಲೇ ಪೂರ್ತಿ ವೋಲ್ಟೇಜ್ ತಡೆಯುವುದಿಲ್ಲ.

"ಅಜ್ಜ, ಪ್ಲಗ್ಗಿಗೆ ಹಾಕಬೇಡಿ. ಹಿಂದಿನ ರಟ್ಟಿನ ಮುಚ್ಚಳವನ್ನೂ ತೆಗೆಯಬೇಡಿ. ಜಿರಳೆ ಗೂಡು ಇದ್ದರೂ ಹಾಗೇ ಇರಲಿ. ಒಂದು ಬೆಡ್‌ಶೀಟಿನಲ್ಲಿ ಸುತ್ತಿ, ನೆನೆಯದ ಹಾಗೆ ರಿಕ್ಷಾದಲ್ಲಿ ತನ್ನಿ" ಅಂದೆ. ಬುಧವಾರ ತರುತ್ತೇನೆ ಅಂದಿದ್ದಾರೆ.